ನಮೀಬಿಯಾ: ರಾಜ್ಯ ಸಿಕ್ಕಿತು, ನೆಲ ಸಿಗಲಿಲ್ಲ

1883ರಲ್ಲಿ ಜರ್ಮನಿಯ ಬ್ರೆಮೆನ್ ನಗರದ ತಂಬಾಕು ವ್ಯಾಪಾರಿ ಅಡಾಲ್ಫ್ ಲ್ಯೂಡರಿಟ್ಸ್ ಆಫ್ರಿಕಾದ ನೈಋತ್ಯ ಕರಾವಳಿಯಲ್ಲಿ ನೆಲ ಕೊಂಡ. ಬರೆದುಕೊಟ್ಟವನು ಬೆಥನಿಯ ನಾಮಾ ಮುಖಂಡ ಜೋಸೆಫ್ ಫ್ರೆಡರಿಕ್ಸ್. ಮೊದಲ ಕರಾರು ಆಂಗ್ರಾ ಪೆಕೆನಾ ಎಂಬ ಕೊಲ್ಲಿ ಮತ್ತು ಅದರ ಸುತ್ತಲಿನ ಜಾಗಕ್ಕೆ. ಬೆಲೆ 100 ಪೌಂಡು, 200 ಬಂದೂಕು. ಕೆಲವೇ ತಿಂಗಳಲ್ಲಿ ಆದ ಎರಡನೆಯ ಕರಾರು ಆರೆಂಜ್ ನದಿಯಿಂದ ಉತ್ತರಕ್ಕೆ ಕಡಲಂಚಿನುದ್ದಕ್ಕೂ ಇಪ್ಪತ್ತು ಮೈಲಿ ಅಗಲದ ಪಟ್ಟಿಗೆ. ಫ್ರೆಡರಿಕ್ಸ್‌ಗೆ ಗೊತ್ತಿದ್ದದ್ದು ಒಂದೂವರೆ ಕಿಲೋಮೀಟರಿಗೆ ತುಸು ಹೆಚ್ಚಾದ ಇಂಗ್ಲಿಷ್ ಮೈಲಿ. ಲ್ಯೂಡರಿಟ್ಸ್ ಲೆಕ್ಕ ಹಿಡಿದದ್ದು ಸುಮಾರು ಏಳೂವರೆ ಕಿಲೋಮೀಟರಿನ ಜರ್ಮನ್ ಭೌಗೋಳಿಕ ಮೈಲಿ. ಮೂವತ್ತೆರಡು ಕಿಲೋಮೀಟರ್ ಅಗಲದ ಬರಡು ಮರಳನ್ನು ಮಾರುತ್ತಿದ್ದೇನೆಂದು ನಂಬಿ ರುಜು ಹಾಕಿದವನು ಸುಮಾರು ನೂರೈವತ್ತು ಕಿಲೋಮೀಟರ್ ಒಳನಾಡನ್ನು, ತನ್ನ ಜನ ದನ ಮೇಯಿಸುತ್ತಿದ್ದ ಹುಲ್ಲುಗಾವಲಿನ ಸಮೇತ, ಬರೆದುಕೊಟ್ಟಂತಾಯಿತು. ಮೋಸ ತಿಳಿದ ಮೇಲೆ ಅವನು ಪ್ರತಿಭಟಿಸಿದ. ಯಾರೂ ಕಿವಿಗೊಡಲಿಲ್ಲ. 1884ರ ಏಪ್ರಿಲ್ 24ರಂದು ಬಿಸ್ಮಾರ್ಕ್ ಕೇಪ್‌ಟೌನಿನಲ್ಲಿದ್ದ ತನ್ನ ಕಾನ್ಸಲ್‌ಗೆ ತಂತಿ ಕಳಿಸಿ, ಲ್ಯೂಡರಿಟ್ಸ್ ಕೊಂಡ ನೆಲ ಇನ್ನು ಜರ್ಮನ್ ಸಾಮ್ರಾಜ್ಯದ ರಕ್ಷಣೆಯಲ್ಲಿದೆ ಎಂದು ಸಾರಿದ.

ಹೀಗೆ ಒಂದು ಕರಾರು ಪತ್ರದಿಂದ ಹುಟ್ಟಿದ ವಸಾಹತು 1990ರಲ್ಲಿ ಇನ್ನೊಂದು ಬಗೆಯ ಪತ್ರಗಳ ಬಲದಿಂದ ಸ್ವತಂತ್ರ ದೇಶವಾಯಿತು. ನಡುವಿನ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ರಕ್ತ ಹರಿದದ್ದಕ್ಕೆ ಲೆಕ್ಕವಿಲ್ಲ. ಆದರೂ ನಮೀಬಿಯಾದಷ್ಟು ಕಾನೂನಿನ ಕಟಕಟೆಯಲ್ಲಿ ನಿಂತ ದೇಶ ಆಫ್ರಿಕಾದಲ್ಲಿ ಇನ್ನೊಂದಿಲ್ಲವೆಂದೇ ನನಗೆ ಅನಿಸುತ್ತದೆ. ರಾಷ್ಟ್ರಸಂಘದ ಆದೇಶಪತ್ರ, ವಿಶ್ವಸಂಸ್ಥೆಯ ನಿರ್ಣಯಗಳು, ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಮತ್ತೆ ಮತ್ತೆ ನಡೆದ ವಿಚಾರಣೆ, ಕೊನೆಗೆ ಎಲ್ಲ ಪಕ್ಷಗಳೂ ಒಪ್ಪಿದ ಸಂವಿಧಾನ. ಈ ದಾರಿಯನ್ನು ಕಾನೂನಿನ ಗೆಲುವೆಂದು ಮೆಚ್ಚುವವರು ಬಹಳ. ನಾನೂ ಒಂದು ಮಟ್ಟಿಗೆ ಮೆಚ್ಚುತ್ತೇನೆ. ಆದರೆ ಮೆಚ್ಚುಗೆಯಲ್ಲಿ ಮರೆಯಾಗುವ ಸಂಗತಿಯೊಂದಿದೆ. ರಾಜ್ಯವನ್ನು ಬಿಡಿಸಿಕೊಟ್ಟ ಅದೇ ಕಾನೂನು, ಅದಕ್ಕೂ ಎಂಬತ್ತೈದು ವರ್ಷ ಮೊದಲು ಕಿತ್ತುಕೊಂಡ ನೆಲಕ್ಕೆ ಹೊಸದಾಗಿ ಹಕ್ಕುಪತ್ರದ ಬಲ ಕೊಟ್ಟಿತು. ನ್ಯಾಯದ ಲೆಕ್ಕವನ್ನು ಯಾವ ದಿನದಿಂದ ಶುರು ಮಾಡಬೇಕು ಎಂಬುದನ್ನು ತೀರ್ಮಾನಿಸಿದವರು ನೆಲ ಕಳೆದುಕೊಂಡವರಲ್ಲ.

ವಸಾಹತು ಕಾಲದ ಅನ್ಯಾಯಗಳ ಮಾತು ಬಂದಾಗಲೆಲ್ಲ ಎದ್ದು ನಿಲ್ಲುವ ವಾದವೊಂದಿದೆ: ಹಿಂದಿನದನ್ನು ಹಿಂದಿನ ಕಾನೂನಿನಿಂದಲೇ ಅಳೆಯಬೇಕು, ಇಂದಿನ ಅಳತೆಗೋಲು ಅಲ್ಲಿಗೆ ಸಲ್ಲದು. ಮೇಲ್ನೋಟಕ್ಕೆ ಇದು ನ್ಯಾಯವಾದ ಮಾತೇ. ಆದರೆ ಹಿಂದಿನ ಕಾನೂನು ಎಂದರೆ ಯಾರ ಕಾನೂನು? ಆ ನೆಲದಲ್ಲಿ ಬರ್ಲಿನ್ ಬಿಟ್ಟು ಬೇರೆ ಯಾರಿಗೂ ಕಾನೂನಿರಲಿಲ್ಲವೆ? ಹೆರೆರೊ ಪಶುಪಾಲಕರಲ್ಲಿ ಹುಲ್ಲುಗಾವಲು, ನೀರಿನ ತಾಣಗಳು ಇಡೀ ಸಮುದಾಯಕ್ಕೆ ಸೇರಿದ್ದವು. ಮುಖಂಡನೊಬ್ಬ ಅದನ್ನು ತನ್ನ ಸ್ವತ್ತಿನಂತೆ ಮಾರಿಬಿಡಲು ಸಂಪ್ರದಾಯದಲ್ಲಿ ಅವಕಾಶವಿರಲಿಲ್ಲ. ಇನ್ನು ನಾಮಾ ನಾಯಕ ಹೆಂಡ್ರಿಕ್ ವಿಟ್‌ಬೋಯ್ ಬರೆದ ಪತ್ರಗಳು ಇವತ್ತಿಗೂ ಉಳಿದಿವೆ. ಯುನೆಸ್ಕೊ ತನ್ನ ವಿಶ್ವಸ್ಮೃತಿ ಪಟ್ಟಿಯಲ್ಲಿ ಅವನ್ನು ಸೇರಿಸಿಕೊಂಡಿದೆ. 1890ರ ಮೇ ತಿಂಗಳಲ್ಲಿ ಅವನು ತನ್ನ ಹಳೆಯ ವೈರಿ, ಹೆರೆರೊ ಮುಖಂಡ ಮಹಾರೆರೊಗೆ ಬರೆದ ಪತ್ರದ ಸಾರ ಇದು: ಜರ್ಮನ್ನರ ರಕ್ಷಣೆಗೆ ಒಪ್ಪಿ ನೀನು ನಿನ್ನ ನೆಲವನ್ನೂ ಅಧಿಕಾರವನ್ನೂ ಬಿಳಿಯರ ಕೈಗಿಡುತ್ತಿದ್ದೀಯೆ, ಇದಕ್ಕಾಗಿ ಮುಂದೊಂದು ದಿನ ಪಶ್ಚಾತ್ತಾಪ ಪಡುತ್ತೀಯೆ. ಸಾರ್ವಭೌಮತ್ವವೆಂದರೇನು, ಅದನ್ನು ಬಿಟ್ಟುಕೊಟ್ಟರೆ ಏನಾಗುತ್ತದೆ ಎಂಬುದು ಆ ಮರುಭೂಮಿಯ ನಾಯಕನಿಗೆ ತಿಳಿದಿತ್ತು. ಅವನು ಅದನ್ನು ಬರೆದಿಟ್ಟ, ಅದರ ಪ್ರತಿಯನ್ನೂ ಕಾಪಾಡಿದ. ಹೀಗಿರುವಾಗ ಆ ಕಾಲದಲ್ಲಿ ಯಾರೂ ಇದನ್ನು ಅನ್ಯಾಯವೆನ್ನಲಿಲ್ಲ ಎಂದು ಹೇಳುವುದು ಸುಳ್ಳು.

ರಕ್ಷಣೆಯ ಒಪ್ಪಂದಕ್ಕೆ ಸಹಿ ಹಾಕಲೊಲ್ಲದ ವಿಟ್‌ಬೋಯ್‌ಗೆ ಉತ್ತರ 1893ರ ಏಪ್ರಿಲ್‌ನಲ್ಲಿ ಬಂತು. ಜರ್ಮನ್ ಸೇನಾಧಿಕಾರಿ ಕುರ್ಟ್ ಫಾನ್ ಫ್ರಾನ್ಸ್ವಾನ ಪಡೆ ಅವನ ಹೋರ್ನ್‌ಕ್ರಾನ್ಸ್ ನೆಲೆಯ ಮೇಲೆ ಬೆಳಗಿನ ಜಾವ ಎರಗಿತು. ಸತ್ತ ಎಂಬತ್ತರಷ್ಟು ಜನರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಮರುವರ್ಷ ಅವನೂ ಸಹಿ ಹಾಕಬೇಕಾಯಿತು. ಆಮೇಲೆ ಹತ್ತು ವರ್ಷ ಅವನ ಜನ ಜರ್ಮನ್ನರ ಜೊತೆ ನಿಂತು ಕಾದಾಡಿದರು. ವಿಮೋಚನೆಯ ಕಥೆಯನ್ನು ನೇರಗೆರೆಯಲ್ಲಿ ಹೇಳುವವರು ಈ ಹತ್ತು ವರ್ಷವನ್ನು ಹಾರಿಸಿಬಿಡುತ್ತಾರೆ. ನನಗೆ ಅದು ಅಗತ್ಯವಾಗಿ ಕಾಣುತ್ತದೆ, ಏಕೆಂದರೆ ಒಡೆದು ಆಳುವ ಉಪಾಯ ಎಷ್ಟು ಆಳಕ್ಕೆ ಇಳಿದಿತ್ತೆಂಬುದಕ್ಕೆ ಅದೇ ಸಾಕ್ಷಿ.

ಹೆರೆರೊಗಳಿಗೆ ಮೊದಲ ಪೆಟ್ಟು ಬಂದದ್ದು ರೋಗದ ರೂಪದಲ್ಲಿ. 1897ರಲ್ಲಿ ಹಬ್ಬಿದ ದನಗಳ ಮಾರಿರೋಗ ಅವರ ಹಿಂಡುಗಳನ್ನು ಬರಿದು ಮಾಡಿತು. ದನವಿಲ್ಲದವರು ವರ್ತಕರಲ್ಲಿ ಸಾಲ ಮಾಡಿದರು, ಸಾಲಕ್ಕೆ ನೆಲ ಹೋಯಿತು. ಗವರ್ನರ್ ಲಾಯ್ಟ್‌ವೈನ್‌ನ ಆಡಳಿತ ಹೆರೆರೊಗಳಿಗೆ ಮೀಸಲು ಪ್ರದೇಶಗಳನ್ನು ಗುರುತಿಸತೊಡಗಿತು. 1904ರ ಜನವರಿ 12ರಂದು ಓಕಹಾಂಜಾದಲ್ಲಿ ಸ್ಯಾಮ್ಯುಯೆಲ್ ಮಹಾರೆರೊನ ನಾಯಕತ್ವದಲ್ಲಿ ದಂಗೆ ಎದ್ದಿತು. ನೂರಕ್ಕೂ ಹೆಚ್ಚು ಜರ್ಮನ್ ವಲಸಿಗರು, ಸೈನಿಕರು ಸತ್ತರು; ಹೆಂಗಸರು ಮಕ್ಕಳನ್ನು, ಪಾದ್ರಿಗಳನ್ನು ಬಹುಮಟ್ಟಿಗೆ ಮುಟ್ಟಲಿಲ್ಲ. ಬರ್ಲಿನ್ ಕಳಿಸಿದ ದಂಡನಾಯಕ ಲೋಥರ್ ಫಾನ್ ಟ್ರೋಥಾಗೆ ಅಂಥ ಯಾವ ಮಿತಿಯೂ ಇರಲಿಲ್ಲ. ಆಗಸ್ಟ್ 11ರಂದು ವಾಟರ್‌ಬರ್ಗ್ ಬಳಿಯ ಯುದ್ಧದ ನಂತರ ಹೆರೆರೊಗಳನ್ನು ಒಮಾಹೆಕೆ ಮರುಭೂಮಿಗೆ ಅಟ್ಟಿ, ನೀರಿನ ತಾಣಗಳಿಗೆ ಕಾವಲು ಹಾಕಿದರು. ಅಕ್ಟೋಬರ್ 2ರಂದು ಟ್ರೋಥಾ ಲಿಖಿತ ಆಜ್ಞೆ ಹೊರಡಿಸಿದ: ಜರ್ಮನ್ ಗಡಿಯೊಳಗೆ ಕಂಡ ಪ್ರತಿಯೊಬ್ಬ ಹೆರೆರೊನನ್ನು, ಆಯುಧವಿರಲಿ ಇಲ್ಲದಿರಲಿ, ಗುಂಡಿಟ್ಟು ಕೊಲ್ಲಲಾಗುವುದು, ಹೆಂಗಸರಿಗೂ ಮಕ್ಕಳಿಗೂ ಆಶ್ರಯವಿಲ್ಲ. ಅದೇ ತಿಂಗಳು ನಾಮಾಗಳೂ ಜರ್ಮನ್ನರಿಗೆ ತಿರುಗಿಬಿದ್ದರು. ವಿಟ್‌ಬೋಯ್ ಮರುವರ್ಷ ಯುದ್ಧದಲ್ಲೇ ಗುಂಡು ತಗುಲಿ ಸತ್ತ.

ಈ ಆಜ್ಞೆಯನ್ನು ಕುರಿತು ಜರ್ಮನಿಯಲ್ಲೇ ಏನಾಯಿತೆಂಬುದು ನನ್ನ ವಾದಕ್ಕೆ ಮುಖ್ಯ. ಸಂಸತ್ತಿನಲ್ಲಿ ಸಮಾಜವಾದಿ ನಾಯಕ ಆಗಸ್ಟ್ ಬೆಬೆಲ್ ಈ ಯುದ್ಧದ ಕ್ರೌರ್ಯವನ್ನು ಖಂಡಿಸಿದ. ಚಾನ್ಸಲರ್ ಬ್ಯೂಲೋ ಸ್ವತಃ ಚಕ್ರವರ್ತಿಗೆ, ಇದು ಕ್ರೈಸ್ತಧರ್ಮಕ್ಕೂ ಮಾನವೀಯತೆಗೂ ವಿರುದ್ಧವೆಂದು ತಿಳಿಸಿದ. ಡಿಸೆಂಬರ್‌ನಲ್ಲಿ ಆಜ್ಞೆ ಹಿಂತೆಗೆದುಕೊಳ್ಳಬೇಕಾಯಿತು. ಅಂದರೆ ಅಂದಿನ ಬರ್ಲಿನ್‌ನ ಅಳತೆಗೋಲಿನಿಂದಲೂ ಅದು ತಪ್ಪೇ. ಆಜ್ಞೆ ಹೋಯಿತು, ಸಾವು ನಿಲ್ಲಲಿಲ್ಲ. ಬದುಕುಳಿದವರನ್ನು ಸ್ವಾಕೋಪ್‌ಮುಂಡ್, ವಿಂಡ್‌ಹುಕ್, ಶಾರ್ಕ್ ದ್ವೀಪದ ಶಿಬಿರಗಳಿಗೆ ತುಂಬಿ ರೈಲು ಹಳಿ, ಬಂದರು ಕೆಲಸಕ್ಕೆ ದುಡಿಸಿದರು. ಚಳಿಗಾಳಿಯ ಶಾರ್ಕ್ ದ್ವೀಪದಿಂದ ಹಿಂದಿರುಗಿದವರು ತೀರ ಕೆಲವರು. ಸತ್ತವರ ತಲೆಬುರುಡೆಗಳು ಜನಾಂಗೀಯ ‘ಸಂಶೋಧನೆ’ಗಾಗಿ ಜರ್ಮನಿಗೆ ಹಡಗೇರಿದವು, ಅವುಗಳಲ್ಲಿ ಕೆಲವು ಊರಿಗೆ ಮರಳಿದ್ದು 2011ರಿಂದ ಈಚೆಗೆ. ಯುದ್ಧಕ್ಕೆ ಮುಂಚೆ 80,000ದಷ್ಟಿದ್ದರೆಂದು ಅಂದಾಜಿಸುವ ಹೆರೆರೊಗಳಲ್ಲಿ ಉಳಿದವರು 15ರಿಂದ 20 ಸಾವಿರ. ನಾಮಾಗಳಲ್ಲಿ ಅರ್ಧದಷ್ಟು ಜನ ಅಳಿದರು.

ಕೊಲೆಯ ಕಥೆ ಈಗ ಲೋಕಕ್ಕೆ ಸಾಕಷ್ಟು ಗೊತ್ತು. ಅದರ ಬೆನ್ನಿಗೇ ಸದ್ದಿಲ್ಲದೆ ನಡೆದದ್ದು ಅಷ್ಟಾಗಿ ಗೊತ್ತಿಲ್ಲ. 1905ರ ಡಿಸೆಂಬರ್‌ನಲ್ಲಿ ಹೊರಟ ಚಕ್ರಾಧಿಪತ್ಯದ ಆಜ್ಞೆಯೊಂದರ ಅಡಿಯಲ್ಲಿ, ಮುಂದಿನ ಎರಡು ವರ್ಷಗಳಲ್ಲಿ ಹೆರೆರೊ ಮತ್ತು ನಾಮಾ ಸಮುದಾಯಗಳ ಬಹುಪಾಲು ಎಲ್ಲ ಭೂಮಿಯನ್ನೂ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. 1907ರ ಕಟ್ಟಳೆಗಳು ಆಫ್ರಿಕನ್ನರು ಭೂಮಿಯನ್ನಾಗಲಿ ದನಗಳನ್ನಾಗಲಿ ಗವರ್ನರನ ಅನುಮತಿಯಿಲ್ಲದೆ ಹೊಂದಬಾರದೆಂದವು. ಪ್ರತಿಯೊಬ್ಬರೂ ಲೋಹದ ಗುರುತಿನ ಬಿಲ್ಲೆ ಇಟ್ಟುಕೊಂಡೇ ತಿರುಗಬೇಕೆಂದವು. ಪಶುಪಾಲಕನಿಗೆ ದನವೂ ಇಲ್ಲ, ಹುಲ್ಲೂ ಇಲ್ಲ ಎಂದಾದರೆ ಅವನು ಬಿಳಿಯನ ಜಮೀನಿನಲ್ಲಿ ಆಳಾಗದೆ ಬೇರೆ ದಾರಿಯಿಲ್ಲ. ಇಂದಿನ ಮಧ್ಯ ಮತ್ತು ದಕ್ಷಿಣ ನಮೀಬಿಯಾದ ದೊಡ್ಡ ದೊಡ್ಡ ಖಾಸಗಿ ಜಮೀನುಗಳ ಒಡೆತನದ ಜಾಡು ಹಿಡಿದು ಹಿಂದಕ್ಕೆ ಹೋದರೆ ಹೆಚ್ಚಿನವು ಹೋಗಿ ನಿಲ್ಲುವುದು ಇದೇ ಮುಟ್ಟುಗೋಲಿನ ಬಾಗಿಲಲ್ಲಿ. ನೆಲದಡಿಯ ಸಂಪತ್ತಿನ ಕಥೆಯೂ ಅಷ್ಟೆ: 1908ರಲ್ಲಿ ರೈಲ್ವೆ ಕೂಲಿ ಝಕರಿಯಾಸ್ ಲೆವಾಲಾಗೆ ಕೋಲ್‌ಮನ್ಸ್‌ಕೋಪ್ ಬಳಿಯ ಮರಳಿನಲ್ಲಿ ವಜ್ರ ಸಿಕ್ಕಿತು. ಅವನು ಅದನ್ನು ಮೇಲ್ವಿಚಾರಕನಿಗೆ ಒಪ್ಪಿಸಿದ. ಮೇಲ್ವಿಚಾರಕ ಶ್ರೀಮಂತನಾದ, ಲೆವಾಲಾಗೆ ಅದರಿಂದ ದಕ್ಕಿದ್ದೇನೂ ಇಲ್ಲ.

ಮೊದಲ ಮಹಾಯುದ್ಧದಲ್ಲಿ, 1915ರ ಜುಲೈನಲ್ಲಿ, ಜರ್ಮನ್ ಪಡೆಗಳು ದಕ್ಷಿಣ ಆಫ್ರಿಕಾಕ್ಕೆ ಶರಣಾದವು. ಗೆದ್ದವರು 1918ರಲ್ಲಿ ಜರ್ಮನ್ ದೌರ್ಜನ್ಯಗಳ ಬಗ್ಗೆ ಸಾಕ್ಷಿಗಳ ಹೇಳಿಕೆ ಸಮೇತ ಸರ್ಕಾರಿ ವರದಿ ಪ್ರಕಟಿಸಿದರು. ಇಂಥ ಜನರ ಕೈಗೆ ವಸಾಹತು ಮರಳಬಾರದು ಎಂಬ ವಾದಕ್ಕೆ ಅದು ಬೇಕಿತ್ತು. ವಸಾಹತು ಕೈಗೆ ಬಂದ ಮೇಲೆ, 1926ರಲ್ಲಿ, ಅಲ್ಲಿನ ಬಿಳಿಯರ ಶಾಸನಸಭೆ ಆ ವರದಿಯನ್ನು ಹಿಂತೆಗೆದು ನಾಶಪಡಿಸಲು ನಿರ್ಣಯಿಸಿತು. ಜರ್ಮನ್ ಮತ್ತು ದಕ್ಷಿಣ ಆಫ್ರಿಕಾದ ಬಿಳಿಯರು ಈಗ ಒಂದಾಗಿ ಬಾಳಬೇಕಾಗಿತ್ತು, ನೆನಪು ಅಡ್ಡಿಯಾಗಿತ್ತು. ರಾಷ್ಟ್ರಸಂಘ 1920ರಲ್ಲಿ ಈ ನಾಡನ್ನು ದಕ್ಷಿಣ ಆಫ್ರಿಕಾಕ್ಕೆ ಒಪ್ಪಿಸುವಾಗ ಹೇಳಿದ್ದು ಇದು ನಾಗರಿಕತೆಯ ಪವಿತ್ರ ಹೊಣೆ, ಇಲ್ಲಿನ ಜನರ ಏಳಿಗೆಗೆ ದುಡಿಯತಕ್ಕದ್ದು ಎಂದು. ಎರಡೇ ವರ್ಷಕ್ಕೆ ಆ ಹೊಣೆಯ ನಿಜರೂಪ ಬಯಲಾಯಿತು. ನಾಯಿಗಳ ಮೇಲೆ ಹೇರಿದ ತೆರಿಗೆಯನ್ನು ಕೊಡಲಾಗದ, ಬೇಟೆನಾಯಿಯನ್ನೇ ನೆಚ್ಚಿದ್ದ ಬೋಂಡೆಲ್‌ಸ್ವಾರ್ಟ್ಸ್ ಜನ ಪ್ರತಿಭಟಿಸಿದಾಗ, 1922ರಲ್ಲಿ, ಪ್ರಧಾನಿ ಯಾನ್ ಸ್ಮಟ್ಸ್‌ನ ಸರ್ಕಾರ ವಿಮಾನಗಳಿಂದ ಬಾಂಬು ಹಾಕಿತು. ನೂರರಷ್ಟು ಜನ ಸತ್ತರು. ಜಿನೀವಾದಲ್ಲಿ ಟೀಕೆ ಬಂತು, ಅಲ್ಲಿಗೇ ಮುಗಿಯಿತು. ರಾಷ್ಟ್ರಸಂಘದ ಈ ಆದೇಶ ವ್ಯವಸ್ಥೆಗೆ ರೂಪ ಕೊಟ್ಟವರಲ್ಲಿ ಅದೇ ಸ್ಮಟ್ಸ್ ಒಬ್ಬನೆಂಬುದನ್ನು ಮರೆಯಬಾರದು.

ಆದರೂ ಆ ಪೊಳ್ಳು ಪತ್ರವೇ ಮುಂದೆ ಆಯುಧವಾಯಿತು. ನಮೀಬಿಯಾದ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟ ತಿರುವು ಇದು. ಹೊಣೆ ಎಂದು ಬರೆದುಕೊಟ್ಟ ಮೇಲೆ ಆ ನಾಡು ದಕ್ಷಿಣ ಆಫ್ರಿಕಾದ ಸ್ವತ್ತಲ್ಲ, ಬೇರೆ ಯಾರೋ ಲೆಕ್ಕ ಕೇಳಬಹುದು ಎಂದಾಯಿತಲ್ಲ. 1946ರಲ್ಲಿ ಸ್ಮಟ್ಸ್ ಆ ನಾಡನ್ನು ತನ್ನ ದೇಶಕ್ಕೆ ಸೇರಿಸಿಕೊಳ್ಳಲು ವಿಶ್ವಸಂಸ್ಥೆಯ ಒಪ್ಪಿಗೆ ಕೇಳಿದಾಗ ಸಾಮಾನ್ಯ ಸಭೆ ನಿರಾಕರಿಸಿತು. ಅದೇ ಅಧಿವೇಶನದಲ್ಲಿ ವಿಜಯಲಕ್ಷ್ಮಿ ಪಂಡಿತ್ ನೇತೃತ್ವದ ಭಾರತದ ನಿಯೋಗ ದಕ್ಷಿಣ ಆಫ್ರಿಕಾದ ವರ್ಣಭೇದವನ್ನು ಜಗತ್ತಿನ ಎದುರು ಇಟ್ಟಿತ್ತು. ಸೇರ್ಪಡೆಯನ್ನು ವಿರೋಧಿಸಿದವರಲ್ಲಿ ಭಾರತವೂ ಮುಂದಿತ್ತು. 1904ರ ಯುದ್ಧದಲ್ಲಿ ಬದುಕುಳಿದಿದ್ದ ಹೆರೆರೊ ನಾಯಕ ಹೊಸೆಯಾ ಕುಟಾಕೊ ಅವರಿಗೆ ನ್ಯೂಯಾರ್ಕ್‌ಗೆ ಹೋಗಲು ಅನುಮತಿ ಸಿಗಲಿಲ್ಲ. ಅವರ ಮನವಿಯನ್ನು ಹೊತ್ತ ಪಾದ್ರಿ ಮೈಕೆಲ್ ಸ್ಕಾಟ್ 1949ರಲ್ಲಿ ವಿಶ್ವಸಂಸ್ಥೆಯ ಸಮಿತಿಯ ಮುಂದೆ ಮಾತಾಡಿದರು.

ನ್ಯಾಯಾಲಯದ ಹಾದಿ ಹೂವಿನ ಹಾದಿಯಾಗಿರಲಿಲ್ಲ. ರಾಷ್ಟ್ರಸಂಘ ಹೋದರೂ ಹೊಣೆ ಹೋಗಿಲ್ಲವೆಂದು ಹೇಗ್ ನ್ಯಾಯಾಲಯ 1950ರಲ್ಲಿ ಅಭಿಪ್ರಾಯ ಕೊಟ್ಟಿತು. 1960ರಲ್ಲಿ ಇಥಿಯೋಪಿಯಾ ಮತ್ತು ಲೈಬೀರಿಯಾ ದಕ್ಷಿಣ ಆಫ್ರಿಕಾದ ಮೇಲೆ ದಾವೆ ಹೂಡಿದವು. ಆರು ವರ್ಷದ ವಿಚಾರಣೆಯ ನಂತರ, 1966ರ ಜುಲೈ 18ರಂದು, ನ್ಯಾಯಾಧೀಶರು ಏಳು-ಏಳಾಗಿ ಒಡೆದರು. ಅಧ್ಯಕ್ಷ ಪರ್ಸಿ ಸ್ಪೆಂಡರ್ ತಮ್ಮ ನಿರ್ಣಾಯಕ ಮತ ಹಾಕಿದರು. ಈ ಎರಡು ದೇಶಗಳಿಗೆ ಕೇಳುವ ಹಕ್ಕೇ ಇಲ್ಲವೆಂದು ದಾವೆ ಬಿದ್ದುಹೋಯಿತು. ಇದಾಗಿ ಆರು ವಾರದೊಳಗೆ, ಆಗಸ್ಟ್ 26ರಂದು, ಉತ್ತರದ ಒಮುಗುಲುಗ್ವೊಂಬಾಶೆಯಲ್ಲಿ ವಿಮೋಚನಾ ಸಂಘಟನೆ ಸ್ವಾಪೊದ ಹೋರಾಟಗಾರರ ನೆಲೆಯ ಮೇಲೆ ದಕ್ಷಿಣ ಆಫ್ರಿಕಾದ ಹೆಲಿಕಾಪ್ಟರುಗಳು ಎರಗಿದವು. ಸಶಸ್ತ್ರ ಹೋರಾಟ ಶುರುವಾಯಿತು. ಬಂದೂಕು ಹಿಡಿದವರು ಕಾನೂನಿಗೆ ಕಾಯಲಿಲ್ಲವೆಂದು ದೂರುವವರು ಈ ಎರಡು ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಐದು ವರ್ಷದ ಬಳಿಕ ಅದೇ ನ್ಯಾಯಾಲಯ 13-2 ಬಹುಮತದಿಂದ ದಕ್ಷಿಣ ಆಫ್ರಿಕಾದ ಇರುವಿಕೆಯೇ ಅಕ್ರಮವೆಂದಿತು. ನ್ಯಾಯಾಧೀಶರ ಮನಸ್ಸನ್ನು ತಿರುಗಿಸಿದ್ದು ಬರೀ ತರ್ಕವಲ್ಲ. ನಡುವೆ ಪೀಠದ ಸದಸ್ಯರು ಬದಲಾಗಿದ್ದರು, ವಿಶ್ವಸಂಸ್ಥೆಯ ಸಭಾಂಗಣ ಹೊಸ ಸ್ವತಂತ್ರ ದೇಶಗಳಿಂದ ತುಂಬಿತ್ತು, ಸಾಮಾನ್ಯ ಸಭೆ ಆದೇಶವನ್ನೇ ರದ್ದು ಮಾಡಿತ್ತು.

ಅತ್ತ ಊರಿನೊಳಗಿನ ಹೋರಾಟವನ್ನು ಕಟ್ಟಿದವರು ಕೂಲಿಗಳು. ಉತ್ತರದ ಒವಾಂಬೊ ಪ್ರದೇಶದ ಗಂಡಸರನ್ನು ಮೈಕಟ್ಟು ನೋಡಿ ದರ್ಜೆ ಹಚ್ಚಿ, ಹೆಂಡತಿ ಮಕ್ಕಳನ್ನು ಬಿಟ್ಟು ತಿಂಗಳಾನುಗಟ್ಟಲೆ ಗಣಿಗೋ ಜಮೀನಿಗೋ ಕಳಿಸುವ ಗುತ್ತಿಗೆ ಪದ್ಧತಿ ಇತ್ತು. ಕೇಪ್‌ಟೌನಿನಲ್ಲಿ ಇಂಥ ಕೂಲಿಗಳನ್ನು 1957ರಲ್ಲಿ ಸಂಘಟಿಸಿದವರು ಅಂಡಿಂಬಾ ತೊಯಿವೊ ಯಾ ತೊಯಿವೊ. ವಿಶ್ವಸಂಸ್ಥೆಗೆ ಮಾತಿನ ಟೇಪನ್ನು ಪುಸ್ತಕವೊಂದರೊಳಗೆ ಅಡಗಿಸಿ ಕಳಿಸಿದ್ದಕ್ಕೆ ಅವರನ್ನು ಅಲ್ಲಿಂದ ಗಡೀಪಾರು ಮಾಡಿದರು. 1959ರ ಡಿಸೆಂಬರ್ 10ರಂದು ವಿಂಡ್‌ಹುಕ್‌ನ ಹಳೆಯ ಕೇರಿಯಿಂದ ಜನರನ್ನು ಕಟುಟುರಾ ಎಂಬ ಹೊಸ ಬಡಾವಣೆಗೆ ಎಬ್ಬಿಸುವುದನ್ನು ವಿರೋಧಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿ ಹನ್ನೊಂದು ಜನರನ್ನು ಕೊಂದರು. ಮರುವರ್ಷ ಏಪ್ರಿಲ್‌ನಲ್ಲಿ ಸ್ಯಾಮ್ ನುಜೋಮಾ ಅವರ ನಾಯಕತ್ವದಲ್ಲಿ ಸ್ವಾಪೊ ಹುಟ್ಟಿತು. 1971ರ ಡಿಸೆಂಬರ್‌ನಲ್ಲಿ ಸಾವಿರಾರು ಗುತ್ತಿಗೆ ಕೂಲಿಗಳು ಕೆಲಸ ಬಿಟ್ಟು ಊರಿಗೆ ಹೊರಟರು, ಗಣಿಗಳು ನಿಂತವು, ಕೂಲಿ ಭರ್ತಿ ಮಾಡುತ್ತಿದ್ದ ಏಕಸ್ವಾಮ್ಯ ಸಂಸ್ಥೆಯನ್ನೇ ಸರ್ಕಾರ ಮುಚ್ಚಬೇಕಾಯಿತು.

ತೊಯಿವೊ ಅವರ ವಿಚಾರಣೆಯನ್ನು ಇಲ್ಲಿ ತುಸು ನಿಂತು ನೋಡಬೇಕು. ಅವರನ್ನೂ ಇತರರನ್ನೂ ಪ್ರಿಟೋರಿಯಾದಲ್ಲಿ ಕಟಕಟೆಗೆ ತಂದದ್ದು 1967ರ ಭಯೋತ್ಪಾದನಾ ಕಾಯ್ದೆಯಡಿ. ಆ ಕಾಯ್ದೆ ಐದು ವರ್ಷ ಹಿಂದಕ್ಕೆ, 1962ರ ಜೂನ್‌ನಿಂದಲೇ ಜಾರಿಗೆ ಬಂದಂತೆ ಬರೆಯಲ್ಪಟ್ಟಿತ್ತು. ಮಾಡಿದಾಗ ಇಲ್ಲದಿದ್ದ ಕಾನೂನಿನಡಿ, ತಮ್ಮದಲ್ಲದ ದೇಶದ ನ್ಯಾಯಾಲಯದಲ್ಲಿ ಅವರಿಗೆ 20 ವರ್ಷ ಶಿಕ್ಷೆಯಾಯಿತು. 1984ರವರೆಗೆ ಅವರು ರಾಬೆನ್ ದ್ವೀಪದ ಸೆರೆಯಲ್ಲಿದ್ದರು. ಹಿಂದಿನದಕ್ಕೆ ಇಂದಿನ ಕಾನೂನು ಸಲ್ಲದೆಂಬ ತತ್ವ ಅಷ್ಟು ಪವಿತ್ರವೆಂದಾದರೆ, ನೆಲ ಕೇಳಿದವರನ್ನು ಜೈಲಿಗಟ್ಟುವಾಗ ಅದು ಎಲ್ಲಿ ಹೋಗಿತ್ತು? ನೆಲ ಉಳಿಸಿಕೊಳ್ಳಲು ಬೇಕಾದಾಗ ತತ್ವ, ನೆಲ ಕೇಳುವವರನ್ನು ತುಳಿಯಲು ಬೇಕಾದಾಗ ಅದಕ್ಕೆ ವಿನಾಯಿತಿ. ವಸಾಹತುಶಾಹಿಯಲ್ಲಿ ಕಾನೂನು ಇದ್ದೇ ಇತ್ತು. ಅದರ ಕಾಲಗಣನೆಯ ಹಕ್ಕು ಮಾತ್ರ ಒಂದೇ ಕಡೆಯವರ ಕೈಲಿತ್ತು.

ಮುಂದಿನ ಕಥೆಯನ್ನು ಚುಟುಕಾಗಿ ಹೇಳಬಹುದು. 1978ರ ಸೆಪ್ಟೆಂಬರ್‌ನಲ್ಲಿ ಭದ್ರತಾ ಮಂಡಳಿ 435ನೆಯ ನಿರ್ಣಯದಲ್ಲಿ ವಿಶ್ವಸಂಸ್ಥೆಯ ಉಸ್ತುವಾರಿಯ ಚುನಾವಣೆಗೆ ಒಪ್ಪಿತು. ಅದೇ ವರ್ಷ ಮೇ ತಿಂಗಳಲ್ಲಿ ಅಂಗೋಲದ ಕಸಿಂಗಾದಲ್ಲಿದ್ದ ಸ್ವಾಪೊ ಶಿಬಿರದ ಮೇಲೆ ದಕ್ಷಿಣ ಆಫ್ರಿಕಾ ದಾಳಿ ಮಾಡಿ ಸುಮಾರು 600 ಜನರನ್ನು ಕೊಂದಿತ್ತು. ನಿರ್ಣಯ ಜಾರಿಗೆ ಬರಲು ಹತ್ತು ವರ್ಷ ಹಿಡಿಯಿತು, ಏಕೆಂದರೆ ರೇಗನ್ ಆಡಳಿತ ಅಂಗೋಲದಿಂದ ಕ್ಯೂಬಾ ಸೈನಿಕರು ಹೊರಡಬೇಕೆಂಬ ಷರತ್ತನ್ನು ಇದಕ್ಕೆ ಗಂಟುಹಾಕಿತು. ಅಂಗೋಲದ ಕ್ವಿಟೊ ಕ್ವಾನವಾಲೆಯ ದೀರ್ಘ ಕಾಳಗ, ದಕ್ಷಿಣ ಆಫ್ರಿಕಾದ ಆರ್ಥಿಕ ಸುಸ್ತು, ಶೀತಲ ಸಮರದ ಇಳಿತ, ಇವೆಲ್ಲ ಕೂಡಿ 1988ರ ಡಿಸೆಂಬರ್ 22ರಂದು ನ್ಯೂಯಾರ್ಕ್ ಒಪ್ಪಂದವಾಯಿತು. ಸ್ವಾತಂತ್ರ್ಯದ ಕೊನೆಯ ಹಂತವನ್ನು ಕಾಯಲು ಬಂದ ವಿಶ್ವಸಂಸ್ಥೆಯ ಪಡೆಗೆ ದಂಡನಾಯಕರಾಗಿದ್ದವರು ಭಾರತದ ಲೆಫ್ಟಿನೆಂಟ್ ಜನರಲ್ ದಿವಾನ್ ಪ್ರೇಮ್ ಚಂದ್. 1989ರ ನವೆಂಬರ್‌ನಲ್ಲಿ ಶೇ. 97ರಷ್ಟು ಮತದಾರರು ಮತ ಹಾಕಿದರು. ಸ್ವಾಪೊಗೆ ಶೇ. 57 ಮತ, 72ರಲ್ಲಿ 41 ಸ್ಥಾನ. ಒಬ್ಬರೇ ಸಂವಿಧಾನ ಬರೆಯಲು ಬೇಕಾದ ಮೂರನೇ ಎರಡರಷ್ಟು ಬಹುಮತ ಸಿಗಲಿಲ್ಲ. 1990ರ ಫೆಬ್ರವರಿ 9ರಂದು ಎಲ್ಲರೂ ಒಮ್ಮತದಿಂದ ಸಂವಿಧಾನವನ್ನು ಅಂಗೀಕರಿಸಿದರು. ಮಾರ್ಚ್ 21ರಂದು ನಮೀಬಿಯಾ ಸ್ವತಂತ್ರವಾಯಿತು.

ಅದು ಒಳ್ಳೆಯ ಸಂವಿಧಾನ. ಮರಣದಂಡನೆಯನ್ನು ತೆಗೆದುಹಾಕಿತು, ಪರಿಸರ ರಕ್ಷಣೆಯನ್ನು ರಾಜ್ಯದ ಕರ್ತವ್ಯವೆಂದಿತು, ಸ್ವತಂತ್ರ ನ್ಯಾಯಾಂಗ ಕೊಟ್ಟಿತು. ಅದರ 16ನೆಯ ವಿಧಿ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕಾಗಿಸಿತು. ಸಾರ್ವಜನಿಕ ಹಿತಕ್ಕಾಗಿ ಸ್ವಾಧೀನ ಮಾಡಿಕೊಳ್ಳಬಹುದು, ಆದರೆ ನ್ಯಾಯವಾದ ಪರಿಹಾರ ಕೊಡಲೇಬೇಕು. 131ನೆಯ ವಿಧಿ ಮೂಲಭೂತ ಹಕ್ಕುಗಳನ್ನು ಕುಗ್ಗಿಸುವ ಯಾವ ತಿದ್ದುಪಡಿಯನ್ನೂ ಮಾಡದಂತೆ ಬಾಗಿಲು ಮುಚ್ಚಿತು. ಇದು ವಿಂಡ್‌ಹುಕ್‌ನ ಸಭೆಯಲ್ಲಿ ಹುಟ್ಟಿದ ಯೋಚನೆಯಲ್ಲ. 1982ರಲ್ಲೇ ಪಾಶ್ಚಾತ್ಯ ಸಂಪರ್ಕ ಗುಂಪಿನ ಐದು ದೇಶಗಳು ರೂಪಿಸಿದ ಸಾಂವಿಧಾನಿಕ ತತ್ವಗಳಲ್ಲಿ ಆಸ್ತಿಯ ರಕ್ಷಣೆ ಸೇರಿತ್ತು. ಆ ಐದರಲ್ಲಿ ಪಶ್ಚಿಮ ಜರ್ಮನಿಯೂ ಒಂದು. ನಮ್ಮ ದೇಶದ ಅನುಭವದೊಡನೆ ಹೋಲಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಭೂಸುಧಾರಣೆಗೆ ಆಸ್ತಿಯ ಹಕ್ಕು ಅಡ್ಡಬಂದಾಗ ಭಾರತದ ಸಂಸತ್ತು ಮತ್ತೆ ಮತ್ತೆ ಸಂವಿಧಾನವನ್ನು ತಿದ್ದಿತು, ಕೊನೆಗೆ 1978ರಲ್ಲಿ ಅದನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದಲೇ ತೆಗೆಯಿತು. ನಮೀಬಿಯಾದ ಜನಪ್ರತಿನಿಧಿಗಳಿಗೆ ಆ ದಾರಿ ಹುಟ್ಟುವಾಗಲೇ ಮುಚ್ಚಿತ್ತು.

ಇದಕ್ಕೆ ಎದುರುವಾದವಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಇಪ್ಪತ್ತಮೂರು ವರ್ಷ ಯುದ್ಧ ಕಂಡ ನಾಡಿಗೆ ಆ ರಾಜಿಯಿಂದ ಶಾಂತಿ ಬಂತು. ಬಿಳಿಯ ಬಂಡವಾಳ ಓಡಿಹೋಗಲಿಲ್ಲ. ನೆರೆಯ ಜಿಂಬಾಬ್ವೆಯಲ್ಲಿ 2000ದ ನಂತರ ಜಮೀನುಗಳನ್ನು ಬಲವಂತವಾಗಿ ಕಿತ್ತುಕೊಂಡಾಗ ಏನಾಯಿತೆಂಬುದು ಎಲ್ಲರ ಕಣ್ಣ ಮುಂದಿದೆ. ಇದೆಲ್ಲ ನಿಜ. ಆದರೆ ರಾಜಿ ಮಾಡಿಕೊಳ್ಳುವುದು ಬೇರೆ, ರಾಜಿಯನ್ನೇ ನ್ಯಾಯವೆನ್ನುವುದು ಬೇರೆ. ಬಾಕಿಯನ್ನು ಬಾಕಿ ಎಂದು ಬರೆದಿಟ್ಟುಕೊಂಡು, ಇಂಥ ಕಾಲದೊಳಗೆ ಇಂಥ ರೀತಿಯಲ್ಲಿ ತೀರಿಸುತ್ತೇವೆ ಎಂದಿದ್ದರೆ ಅದು ರಾಜಿ. 1991ರ ಭೂ ಸಮ್ಮೇಳನ ಪೂರ್ವಜರ ನೆಲದ ಹಕ್ಕನ್ನು ಪೂರ್ತಿಯಾಗಿ ಮರಳಿಸಲು ಸಾಧ್ಯವಿಲ್ಲವೆಂದು ನಿರ್ಣಯಿಸಿ ಆ ಪುಟವನ್ನೇ ಮುಚ್ಚಿತು. 1995ರ ಕಾಯ್ದೆ ಬಂದಾಗಲೂ ಮಾರಲು ಮನಸ್ಸಿರುವವನಿಂದ ಮಾರುಕಟ್ಟೆ ಬೆಲೆಗೆ ಕೊಳ್ಳುವುದೇ ಮುಖ್ಯ ದಾರಿಯಾಯಿತು. ಸಂವಿಧಾನ ಕೊಟ್ಟಿದ್ದ ಸ್ವಾಧೀನದ ಅಧಿಕಾರವನ್ನು ಬೆರಳೆಣಿಕೆಯಷ್ಟು ಜಮೀನುಗಳ ಮೇಲೆ ಮಾತ್ರ ಬಳಸಿದರು. ಬಳಸಿದ ಕೆಲವು ಕಡೆ ಕ್ರಮ ಸರಿಯಾಗಿ ಅನುಸರಿಸದೆ 2008ರಲ್ಲಿ ಹೈಕೋರ್ಟಿನಲ್ಲಿ ಸೋತರು. ಸ್ವಾತಂತ್ರ್ಯ ಬಂದು ಇಪ್ಪತ್ತೆಂಟು ವರ್ಷವಾದ ಮೇಲೆ, 2018ರಲ್ಲಿ, ಖಾಸಗಿ ಕೃಷಿಭೂಮಿಯ ಸುಮಾರು ಶೇ. 70 ಭಾಗ ಬಿಳಿಯರ ಒಡೆತನದಲ್ಲಿತ್ತು. ಮೂಲಭೂತ ಹಕ್ಕುಗಳನ್ನು ಬಿಟ್ಟರೆ ಸಂವಿಧಾನವನ್ನು ಮುಟ್ಟಲಾಗದೆಂದು ಹೇಳುವಂತೆಯೂ ಇಲ್ಲ: 1998ರಲ್ಲಿ ನುಜೋಮಾ ಅವರಿಗೆ ಮೂರನೆಯ ಅವಧಿ ಸಿಗಲೆಂದು ಅದರ ಮೊದಲ ತಿದ್ದುಪಡಿಯಾಯಿತು.

ಸ್ವಾಪೊ ಏಕೆ ಹೀಗೆ ನಡೆಯಿತು ಎಂಬ ಪ್ರಶ್ನೆಗೆ ಉತ್ತರ ದೇಶದ ನಕ್ಷೆಯಲ್ಲಿದೆ. ಜರ್ಮನ್ನರು 1896ರಲ್ಲಿ ದನಗಳ ರೋಗ ತಡೆಯಲೆಂದು ಎಳೆದ ಗಡಿ ಮುಂದೆ ಕೆಂಪು ಗೆರೆಯಾಗಿ, ಬೇಲಿಯಾಗಿ ನಿಂತಿತು. ಅದರ ದಕ್ಷಿಣಕ್ಕೆ ಬಿಳಿಯರ ಜಮೀನುಗಳು, ಹೆರೆರೊ, ನಾಮಾ, ಡಮಾರಾ ಜನ. ಉತ್ತರಕ್ಕೆ ದೇಶದ ಜನಸಂಖ್ಯೆಯ ಅರ್ಧದಷ್ಟಿರುವ ಒವಾಂಬೊಗಳು. ಉತ್ತರದವರನ್ನು ವಸಾಹತು ಕೂಲಿಗಾಗಿ ಹಿಂಡಿತು, ಯುದ್ಧದಲ್ಲಿ ಸುಟ್ಟಿತು. ಆದರೆ ನೆಲವನ್ನು ಕಿತ್ತು ವಲಸಿಗರಿಗೆ ಹಂಚಲಿಲ್ಲ. ಸ್ವಾಪೊದ ಮತಬಲವೂ ನಾಯಕತ್ವವೂ ಹೆಚ್ಚಾಗಿ ಅಲ್ಲಿಂದ ಬಂದದ್ದು. ಹೀಗಾಗಿ ನೆಲ ಕಳೆದುಕೊಂಡವರು ಹೊಸ ಪ್ರಜಾಪ್ರಭುತ್ವದಲ್ಲಿ ಅಲ್ಪಸಂಖ್ಯಾತರಾದರು. ಭೂಮಿ ಹಂಚುವಾಗ ಬುಡಕಟ್ಟನ್ನು ನೋಡುವುದಿಲ್ಲ, ವರ್ಣಭೇದದಿಂದ ನೊಂದ ಯಾವ ಪ್ರಜೆಯಾದರೂ ಅರ್ಜಿ ಹಾಕಬಹುದೆಂಬ ನೀತಿ ಬಂತು. ಜನರನ್ನು ಬುಡಕಟ್ಟಿಗೊಂದು ಸೀಮೆಯಾಗಿ ಹಂಚಬೇಕೆಂದ 1964ರ ಓಡೆಂಡಾಲ್ ಆಯೋಗದ ನೆನಪಿರುವ ದೇಶಕ್ಕೆ ಆ ಎಚ್ಚರ ಸಹಜವೇ, ಸರಿಯೂ ಹೌದು. ಆದರೆ ಎಲ್ಲರೂ ನೊಂದವರೇ ಎಂದು ಹೇಳಿ, ಇಂಥವರ ಇಂಥ ನೆಲ ಇಂಥ ಆಜ್ಞೆಯಿಂದ ಹೋಯಿತು ಎಂಬ ಖಚಿತ ಲೆಕ್ಕವನ್ನು ಕರಗಿಸಿಬಿಡುವುದು ಸಮಾನತೆಯಾಗದು. ತನ್ನದೇ ಹಳೆಯ ಲೆಕ್ಕಗಳ ಬಗ್ಗೆಯೂ ಸ್ವಾಪೊ ಹೀಗೇ ನಡೆದುಕೊಂಡಿದೆ. 1980ರ ದಶಕದಲ್ಲಿ ಗೂಢಚಾರರೆಂಬ ಶಂಕೆಯಿಂದ ತನ್ನವರೇ ನೂರಾರು ಜನರನ್ನು ಅಂಗೋಲದ ಲುಬಾಂಗೊದ ನೆಲಗುಂಡಿಗಳಲ್ಲಿ ಕೂಡಿಹಾಕಿತ್ತು. ಹಲವರು ಮರಳಲೇ ಇಲ್ಲ. ಸಾಮರಸ್ಯದ ಹೆಸರಿನಲ್ಲಿ ಆ ವಿಚಾರಣೆಯೂ ನಡೆಯಲಿಲ್ಲ.

2021ರ ಮೇ 28ರಂದು ಜರ್ಮನಿಯ ವಿದೇಶಾಂಗ ಸಚಿವ ಹೈಕೊ ಮಾಸ್, 1904ರಿಂದ 1908ರವರೆಗೆ ನಡೆದದ್ದು ಇಂದಿನ ದೃಷ್ಟಿಯಲ್ಲಿ ನರಮೇಧವೆಂದು ಒಪ್ಪಿದರು. ಮೂವತ್ತು ವರ್ಷಗಳಲ್ಲಿ 110 ಕೋಟಿ ಯೂರೊ ಅಭಿವೃದ್ಧಿ ನೆರವು ಘೋಷಣೆಯಾಯಿತು. ನರಮೇಧದ ವಿರುದ್ಧದ ಒಡಂಬಡಿಕೆ 1948ರದ್ದು, ಆದ್ದರಿಂದ ಹೊಣೆ ರಾಜಕೀಯ ಮತ್ತು ನೈತಿಕ, ಕಾನೂನಿನದಲ್ಲ ಎಂಬುದು ಬರ್ಲಿನ್‌ನ ನಿಲುವು. ವಿಟ್‌ಬೋಯ್‌ನ ಪತ್ರ ಇದ್ದರೂ, ಬೆಬೆಲ್‌ನ ಭಾಷಣ ಇದ್ದರೂ, ಬ್ಯೂಲೋನ ಆಕ್ಷೇಪ ಇದ್ದರೂ ಅದೇ ವಾದ. ಮಾತುಕತೆ ಎರಡು ಸರ್ಕಾರಗಳ ನಡುವೆ ನಡೆಯಿತು. ತಮ್ಮನ್ನು ತಾವೇ ಪ್ರತಿನಿಧಿಸಲು ಅವಕಾಶ ಸಿಗಲಿಲ್ಲವೆಂದು ಹೆರೆರೊ ಮತ್ತು ನಾಮಾ ಸಾಂಪ್ರದಾಯಿಕ ಸಂಸ್ಥೆಗಳು ಅದನ್ನು ತಿರಸ್ಕರಿಸಿ, 2023ರಲ್ಲಿ ವಿಂಡ್‌ಹುಕ್‌ನ ಹೈಕೋರ್ಟಿಗೆ ಹೋದವು. ಅವರ ಬೇಡಿಕೆ ನನಗೆ ಅತಿಯೆನಿಸುವುದಿಲ್ಲ. ಮೇಜಿನ ಎದುರು ಅವರಿಗೂ ಒಂದು ಕುರ್ಚಿ ಬೇಕು; ಜರ್ಮನಿಯ ಹಣ ರಸ್ತೆ, ವಿದ್ಯುತ್ತಿನ ಯೋಜನೆಗಳಿಗೆ ಹಂಚಿಹೋಗುವ ಮೊದಲು, ಮಾರಾಟಕ್ಕೆ ಬರುವ ಜಮೀನುಗಳನ್ನು ಕೊಂಡು ಅವನ್ನು ಕಳೆದುಕೊಂಡ ಸಮುದಾಯಗಳ ಹೆಸರಿಗೇ ಬರೆಯಬೇಕು. ಅದಕ್ಕೆ ಯಾರ ಜಮೀನನ್ನೂ ಬಲವಂತವಾಗಿ ಕಿತ್ತುಕೊಳ್ಳಬೇಕಿಲ್ಲ, 16ನೆಯ ವಿಧಿಯನ್ನು ಮುರಿಯಬೇಕಿಲ್ಲ. ಈ ನೆರವಿನ ಹೊರಗೇ ಉಳಿದ ಇನ್ನೊಂದು ಗುಂಪಿದೆ: ಒಮಾಹೆಕೆಯನ್ನು ಹೇಗೋ ದಾಟಿ ಸ್ಯಾಮ್ಯುಯೆಲ್ ಮಹಾರೆರೊನೊಂದಿಗೆ ಇಂದಿನ ಬೋಟ್ಸ್ವಾನಕ್ಕೆ ಓಡಿದವರ ಮೊಮ್ಮಕ್ಕಳು, ಮರಿಮಕ್ಕಳು. ಅವರು ಈಗಲೂ ಅಲ್ಲೇ ಇದ್ದಾರೆ. ಆ 110 ಕೋಟಿ ಯೂರೊ ಖರ್ಚಾಗಬೇಕಾದದ್ದು ನಮೀಬಿಯಾದೊಳಗಿನ ಏಳು ಪ್ರಾಂತ್ಯಗಳಲ್ಲಿ.